ಅವ್ವನ ಎಲುಬು ಸವದಾವ, ಸೂಜಿ ಚುಚ್ಚಿಸಿದ್ರ ತುಂಬ್ತಾವ ಅಂತಾರ, ಗುಳಿಗಿ ಬಿಡಸ್ಲ್ಯಾ ಬ್ಯಾಡಾ?

ಸಿಂಧನೂರು ಮಗಳು
ನಮಸ್ಕಾರ್ರಿ ಎಲ್ಲಾರಿಗೂ. ಇಲ್ಲಿ ಬರೀಲಿಕ್ಕತ್ತಿದ್ದು ಮೊದಲ್ನೇ ಸಲ, ಉದ್ದ ಆದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮವ್ವಗ 61 ವರ್ಷ, ಮುಟ್ಟು ನಿಂತು ಹದಿನಾಕು ವರ್ಷ ಆತು. ದೀಪಾವಳಿಗೆ ನೀರು ತುಂಬೋ ದಿನ ಬಚ್ಚಲದಾಗ ಶಾಬಾದ ಕಲ್ಲಿನ ಮ್ಯಾಲೆ ಕಾಲು ಜಾರಿ ಕುಂತಂಗ ಬಿದ್ಲು, ಜೋರಾಗಿ ಏನ್ ಬಿದ್ದಿಲ್ಲ, ಕೈ ಊರಿದ್ಲು ಅಷ್ಟ, ಬಲಗೈ ಮುಂಗೈ ಹತ್ರ ಮುರೀತು. ಆರು ವಾರ ಪ್ಲಾಸ್ಟರ್ ಹಾಕಿದ್ರು. ಇಷ್ಟು ಸಣ್ಣ ಬೀಳಕ್ಕ ಕೈ ಮುರದದ ಅಂದ್ರ ಎಲುಬು ಗಟ್ಟಿ ಇಲ್ಲ ಅಂತ ಡಾಕ್ಟರ್ ಎಲುಬಿನ ಗಟ್ಟಿತನ ಅಳಿಯೋ ಡೆಕ್ಸಾ ಸ್ಕ್ಯಾನ್ ಬರಕೊಟ್ರು. ರಿಪೋರ್ಟಿನಾಗ ಬೆನ್ನಿಗೆ ಟಿ ಸ್ಕೋರ್ ಮೈನಸ್ 3.2, ತೊಡಿ ಎಲುಬಿನ ಕುತ್ತಿಗಿಗೆ ಮೈನಸ್ 2.3 ಅಂತ ಅದ. ವಾರಕ್ಕೊಂದು ಎಲುಬು ಸವಿಯೋದು ತಡಿಯೋ ಅಲೆಂಡ್ರೊನೇಟ್ 70 ಗುಳಿಗಿ, ದಿನಾ ಕ್ಯಾಲ್ಸಿಯಂ, ಹಾಲಿನಾಗ ಹಾಕ್ಕೊಂಡು ಕುಡಿಯೋ ವಿಟಮಿನ್ ಡಿ ಪುಡಿ ಕೊಟ್ಟಾರ.

ಗುಳಿಗಿ ತಗೊಂಡ ದಿನ ಎದಿ ಉರೀತದ, ಹುಳಿತೇಗು ಬರ್ತದ ಅಂತ ಅವ್ವ ಅಳ್ತಾಳ. ಬಿದ್ದಾಗಿಂದ ಟೊಂಕದ ಮ್ಯಾಲೆ ಬೆನ್ನು ನೋವೂ ಅದ. ಅಷ್ಟ್ರಾಗ ಇಲ್ಲೇ ಒಂದು ಕಲ್ಯಾಣ ಮಂಟಪದಾಗ ಸೂಜಿ ಚಿಕಿತ್ಸೆ ಕ್ಯಾಂಪ್ ಹಾಕಿದ್ರು, ಓಣ್ಯಾಗಿನ ಮಂದಿ ಕೂಡ ಹೋದ್ಲು. ಹಿಮ್ಮಡಿನ ಒಂದು ಮಷಿನ್‌ನಾಗ ಇಟ್ಟು ನೋಡಿ, 21 ಸಿಟ್ಟಿಂಗ್ ಅಕ್ಯುಪಂಕ್ಚರ್ ಮಾಡಿಸ್ಕೊಂಡ್ರ ಎಲುಬು ಮತ್ತ ತುಂಬ್ತಾವ, ಇಂಗ್ಲಿಷ್ ಗುಳಿಗಿ ಬಿಡ್ರಿ ಅಂದಾರ. ಒಂದು ಸಲಕ್ಕ 400 ರೂಪಾಯಿ. ನಾಕು ಸಲ ಆಗ್ಯಾದ, ಬೆನ್ನು ನೋವು ನಿಜವಾಗ್ಲೂ ಕಡಿಮಿ ಆಗ್ಯಾದ. ಈಗ ಅವ್ವ, "ನೋವು ಹೊಂಟದ ಅಂದ್ರ ಎಲುಬು ತುಂಬ್ಲಿಕ್ಕತ್ಯಾವ, ನಾ ಗುಳಿಗಿ ನುಂಗಂಗಿಲ್ಲ" ಅಂತ ಹಟ ಹಿಡದಾಳ. ಎರಡು ವಾರದಿಂದ ತಗೊಂಡಿಲ್ಲ. ನಮ್ಮಣ್ಣ ರೊಕ್ಕದ ವಿಚಾರ ಬಿಡು ಅವ್ವಗ ಆರಾಮಾದ್ರ ಸಾಕು ಅಂತಾನ. ನನಗ ಯಾಕೋ ಮನಸ್ಸು ಒಪ್ಪವಲ್ದು. ಗೊತ್ತಿದ್ದವ್ರು ಹೇಳ್ರಿ.

ಗಂಗಾವತಿ ಅಕ್ಕ
ತಂಗಿ ಸೂಜಿ ಬಗ್ಗೆ ಹೆದ್ರಬ್ಯಾಡ. ನಾ ಹೋದ ವರ್ಷ ಹನ್ನೆರಡು ಸಲ ಮಾಡಿಸ್ಕೊಂಡೀನಿ. ಭತ್ತದ ನಾಟಿ ಮಾಡಿ ಮಾಡಿ ನನ್ನ ಟೊಂಕ ಹೋಗಿಬಿಟ್ಟಿತ್ತು, ಕುಂತ್ರ ಏಳಾಕ ಬರ್ತಿದ್ದಿಲ್ಲ. ಸೂಜಿ ಹಾಕಿಸ್ಕೊಂಡ ಮ್ಯಾಲೆ ರಾತ್ರಿ ನಿದ್ದಿ ಹತ್ತಾಕ ಶುರು ಆತು. ಕೂದಲದಂತ ಸೂಜಿ, ಚುಚ್ಚಿದ್ದ ಗೊತ್ತಾಗಂಗಿಲ್ಲ. ನಿಮ್ಮವ್ವಗ ಆರಾಮ ಆಗೈತಿ ಅಂದ್ರ ಬಿಡಸ್ಬ್ಯಾಡ. ಆದ್ರ ಎಲುಬು ತುಂಬ್ತಾವ ಅಂತ ನನಗ ಯಾರೂ ಹೇಳಿರ್ಲಿಲ್ಲ ಮತ್ತ. ನನಗೂ 56, ನಾನೂ ಎಲುಬಿನ ಪರೀಕ್ಷೆ ಮಾಡಿಸ್ಬೇಕಾ? ಮುಟ್ಟು ನಿಂತು ಒಂಬತ್ತು ವರ್ಷ ಆತು.

ಲಿಂಗಸೂರು ಮೊಮ್ಮಗ
ಗುಳಿಗಿ ಬಿಡಸ್ಬ್ಯಾಡ್ರಿ ಅಕ್ಕಾರ. ಕೈ ಮುಗಿದು ಹೇಳ್ತೀನಿ.

ನಮ್ಮಮ್ಮಗ, ಅಂದ್ರ ನಮ್ಮವ್ವನ ತಾಯಿಗೆ, ಹಿಂಗ ಮೊದಲು ಕೈ ಮುರೀತು. ಗುಳಿಗಿ ಕೊಟ್ಟಿದ್ರು, ಮೂರು ತಿಂಗಳು ತಗೊಂಡು ಬಿಟ್ಲು, ಯಾಕಂದ್ರ ನೋವಿಲ್ಲ. ನಾವೂ ಕೇಳಲಿಲ್ಲ, ನೋವಿಲ್ದವ್ರಿಗೆ ಯಾಕ ಗುಳಿಗಿ ಅಂದ್ವಿ. ಒಂದೂವರಿ ವರ್ಷದ ಮ್ಯಾಲೆ ಸಂಜಿ ಮುಂದ ಎಮ್ಮಿಗೆ ನೀರು ಇಡ್ಲಿಕ್ಕೆ ಹೋಗ್ಯಾಳ, ಕೊಟ್ಟಿಗಿ ಹೊಸ್ತಿಲಾ ಎಡವಿ ಒಂದು ಮಗ್ಗಲಾ ಬಿದ್ಲು. ಚಪ್ಪಿ ಎಲುಬು, ತೊಡಿ ಸೊಂಟಕ್ಕ ಕೂಡೋ ಕಡೆ, ಮುರೀತು. ಆಪರೇಷನ್ ಆತು, ರಾಡ್ ಹಾಕಿದ್ರು, ನಡೀಲಿಕ್ಕೆ ಬರಲೇ ಇಲ್ಲ. ಬೆನ್ನಾಗ ಹುಣ್ಣಾದ್ವು, ಎದಿಯಾಗ ಕಫ ಕಟ್ತು. ಏಳು ತಿಂಗಳಿಗೆ ಹೋದ್ಲು. ಅಕಿ ಯಾವತ್ತೂ ಎಲುಬು ನೋಯ್ತಾವ ಅಂದಾಕಿ ಅಲ್ಲ. ನಾನು ಅದನ್ನ ಹೇಳ್ಲಿಕ್ಕತ್ತೀನಿ, ಎಲುಬು ಸವ್ಯಾಗ ನೋಯಂಗಿಲ್ಲ.

ಎಲುಬು ಡಾಕ್ಟರ್, ಬಳ್ಳಾರಿ
ಲಿಂಗಸೂರು ತಮ್ಮ ಬರ್ದಿದ್ದು ಓದಿ ಸಂಕಟ ಆಯ್ತು. ಅವ್ರು ಹೇಳಿದ ಕೊನೇ ಮಾತು ನಾನು ಓಪಿಡಿನಾಗೆ ದಿನಾ ಹೇಳೋ ಮಾತು. ಸ್ವಲ್ಪ ವಿವರವಾಗಿ ಬರೀತೀನಿ ತಾಳ್ಮೆಯಿಂದ ಓದ್ರಿ.

ಎಲುಬು ಕಲ್ಲಲ್ಲ. ಅದರಾಗೆ ಹಳೇದನ್ನ ಕೊರೆದು ತೆಗೆಯೋ ಜೀವಕೋಶ ಬೇರೆ, ಹೊಸದನ್ನ ಕಟ್ಟೋ ಜೀವಕೋಶ ಬೇರೆ, ಎರಡೂ ಜೀವನಪೂರ್ತಿ ಕೆಲಸ ಮಾಡ್ತಿರ್ತಾವೆ. ಕೊರೆಯೋರನ್ನ ಹದ್ದುಬಸ್ತಿನಾಗೆ ಇಡೋದು ಈಸ್ಟ್ರೋಜೆನ್ ಹಾರ್ಮೋನು. ಮುಟ್ಟು ನಿಂತಾಗ ಅದು ಇಳೀತದೆ, ಕೊರೆಯೋದು ಹೆಚ್ಚಾಗ್ತದೆ, ಕಟ್ಟೋದು ಅದರ ಸರಿಸಮಕ್ಕೆ ಬರಾದಿಲ್ಲ. ಮೊದಲ 5-7 ವರ್ಷ ಸವಕಲು ಎಲ್ಲಕ್ಕಿಂತ ಜೋರು. ಒಂದು ಜಾಗದಾಗೆ ಕೊರೆದು ಮತ್ತೆ ತುಂಬೋಕೆ ನಾಕೈದು ತಿಂಗಳು ಬೇಕು, ಅದು ದೇಹದ ವೇಗ. ಹಂಗಾಗಿ 21 ಸಿಟ್ಟಿಂಗ್‌ನಾಗೆ ಎಲುಬು ತುಂಬ್ತದೆ ಅನ್ನೋ ಮಾತು ಅಲ್ಲೇ ಬಿದ್ದುಹೋಗ್ತದೆ, ಸೂಜಿ ಆಗ್ಲಿ ಗುಳಿಗಿ ಆಗ್ಲಿ.

ಟಿ ಸ್ಕೋರ್ ಅಂದ್ರೆ ಹರೆಯದ ಹುಡುಗಿಯ ಗಟ್ಟಿ ಎಲುಬಿಗೆ ಹೋಲಿಸಿದ್ರೆ ನಿಮ್ದು ಎಷ್ಟು ಕೆಳಗೈತೆ ಅಂತ. 1994ರಾಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆ ಪ್ರಕಾರ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಹೋದ್ರೆ ಆಸ್ಟಿಯೋಪೊರೋಸಿಸ್, ಅಂದ್ರೆ ಎಲುಬು ಸವೆತದ ರೋಗ. ಮೈನಸ್ 1ರಿಂದ 2.5ರ ಮಧ್ಯ ಇದ್ರೆ ಆಸ್ಟಿಯೋಪೀನಿಯಾ, ಅಂದ್ರೆ ಅದಕ್ಕಿಂತ ಕಡಿಮೆ ಸವೆತ. ನಿಮ್ಮ ತಾಯಿದು ಬೆನ್ನಾಗೆ 3.2, ಅದ್ರ ಮ್ಯಾಲೆ ಕೈ ಬೇರೆ ಮುರಿದೈತೆ. ಇವ್ರಿಗೆ ಚಿಕಿತ್ಸೆ ಬೇಕೇ ಬೇಕು, ಎರಡನೇ ಮಾತಿಲ್ಲ.

ಸೂಜಿ ವಿಷಯ. ಚೀನಾದಾಗೆ ಮುಟ್ಟು ನಿಂತ ಹೆಂಗಸರ ಮ್ಯಾಲೆ ಇದರ ಪ್ರಯೋಗ, ಅಂದ್ರೆ ಟ್ರಯಲ್‌ಗಳು ಆಗ್ಯಾವೆ, ಇಲ್ಲ ಅನ್ನಾದಿಲ್ಲ. ಅಂಡಾಶಯ ತೆಗೆದ ಇಲಿಗಳ ಮ್ಯಾಲೂ ಕರೆಂಟ್ ಸೂಜಿ ಹಾಕಿ ನೋಡ್ಯಾರೆ. ಆದ್ರೆ ಹೆಂಗಸರ ಮ್ಯಾಲಿನ ಟ್ರಯಲ್ ಹೆಚ್ಚಿನವು ಸಣ್ಣವು, ಕೆಲವು ತಿಂಗಳಿನವು, ಬಹಳಷ್ಟರಾಗೆ ಸೂಜಿ ಜೊತೆ ಕ್ಯಾಲ್ಸಿಯಂ ಅಥವಾ ಬೇರೆ ಔಷಧಿನೂ ಕೊಟ್ಟಿರ್ತಾರೆ. ಯಾರಿಗೆ ಸೂಜಿ ಯಾರಿಗಿಲ್ಲ ಅಂತ ರೋಗಿಗೂ ಗೊತ್ತು, ಚುಚ್ಚೋರಿಗೂ ಗೊತ್ತು. ಎಲ್ಲಾ ಒಟ್ಟು ಹಾಕಿ ನೋಡಿದೋರು ನೋವು ಕಡಿಮೆ ಆದಂಗೆ ಕಾಣ್ತದೆ, ಎಲುಬಿನ ಸಾಂದ್ರತೆನೂ ತುಸು ಏರಿದಂಗೆ ಕಾಣ್ತದೆ, ಆದ್ರೆ ಪುರಾವೆ ಗಟ್ಟಿ ಇಲ್ಲ ಅಂತಾನೇ ಬರೀತಾರೆ. ಎಷ್ಟು ಜನರ ಎಲುಬು ಮುರೀತು ಅಂತ ವರ್ಷಗಟ್ಲೆ ಎಣಿಸಿದ ದೊಡ್ಡ ಟ್ರಯಲ್ ಸೂಜಿಗೆ ಇಲ್ಲ. ನಮಗೆ ಬೇಕಾಗಿರೋದು ಅದೇ ಲೆಕ್ಕ.

ಗುಳಿಗಿಗೆ ಆ ಲೆಕ್ಕ ಐತೆ. 1996ರ ಒಂದು ಟ್ರಯಲ್‌ನಾಗೆ ಮೊದಲೇ ಬೆನ್ನೆಲುಬು ಮುರಿದಿದ್ದ 2,027 ಹೆಂಗಸರನ್ನ ಮೂರು ವರ್ಷ ನೋಡಿದ್ರು. ಬರೀ ಸಕ್ಕರೆ ಗುಳಿಗಿ ತಗೊಂಡೋರಾಗೆ ನೂರಕ್ಕೆ 15 ಜನಕ್ಕೆ ಬೆನ್ನಾಗೆ ಹೊಸ ಮುರಿತ, ಅಲೆಂಡ್ರೊನೇಟ್ ತಗೊಂಡೋರಾಗೆ 8. ಚಪ್ಪೆ ಮುರಿತ ಅರ್ಧಕ್ಕರ್ಧ ಇಳೀತು.

ಇನ್ನು ನನಗೆ ಚಿಂತೆ ಹತ್ತಿರೋದು ಆ ಬೆನ್ನು ನೋವಿಂದು. ಬಿದ್ದ ದಿನದಿಂದ ಶುರುವಾಗಿ ಎರಡು ಎರಡೂವರೆ ತಿಂಗಳಿಗೆ ತಾನಾಗೇ ಇಳಿಯೋ ನೋವು ಬೆನ್ನೆಲುಬಿನ ಮಣಿ ಕುಸಿದಾಗ ಬರೋ ನೋವಿನಂಗೇ ಐತೆ. ಹಂಗಿದ್ರೆ ನಾಕು ಸಿಟ್ಟಿಂಗ್ ಆಗೋ ಹೊತ್ತಿಗೆ ಅದು ಹೆಂಗಿದ್ರೂ ಕಡಿಮೆ ಆಗೋ ಕಾಲನೇ. ಎರಡು ವಿಷಯ ತಿಳಿಸ್ರಿ. ತಾಯಿ ಎತ್ತರ ಮೊದಲಿಗಿಂತ ಕಡಿಮೆ ಆಗೈತಾ? ಬೆನ್ನಿನ ಎಕ್ಸ್‌ರೇ ತೆಗೆಸೀರಾ?

ಸಿಂಧನೂರು ಮಗಳು
ಎಕ್ಸ್‌ರೇ ಕೈದು ಅಷ್ಟ ತೆಗಸೀವ್ರಿ ಸರ್, ಬೆನ್ನಿಂದು ಇಲ್ಲ. ಎತ್ತರ ಹ್ಯಾಂಗ ನೋಡ್ಬೇಕ್ರಿ, ಮೊದ್ಲು ಅಳದಿಲ್ಲಲ್ಲ?

ಎಲುಬು ಡಾಕ್ಟರ್, ಬಳ್ಳಾರಿ
ಮೊದ್ಲು ಕೈಗೆ ಸಿಗ್ತಿದ್ದ ವಸ್ತು ಈಗ ಸಿಗಾದಿಲ್ಲ ಅಂತಾರಾ, ಸೀರೆ ನೆರಿಗೆ ನೆಲಕ್ಕೆ ತಾಕ್ತದಾ, ಮೇಲಿನ ಬೆನ್ನು ಗೂನು ಬಂದೈತಾ, ಇಷ್ಟು ನೋಡಿ ಹೇಳ್ರಿ. ನಾಕು ಸೆಂಟಿಮೀಟರ್ ಇಳಿದ್ರೂ ಅನುಮಾನ ಪಡಬೇಕು.

ಮಾನ್ವಿ ಹತ್ತಿ ರೈತ
ಡಾಕ್ಟರ್ ಸಾಹೇಬ್ರ ಮಾತಿಗೆ ಎದುರು ಹೇಳ್ಲಿಕ್ಕತ್ತಿಲ್ಲ, ಆದ್ರ ಒಂದು ವಿಚಾರ ಕೇಳ್ತೀನಿ. ಈ ಸೂಜಿ ವಿದ್ಯಾ ಚೀನಾದಾಗ ಎರಡು ಸಾವಿರ ವರ್ಷದಿಂದ ಅದ. ನಮ್ಮ ಕೇಂದ್ರ ಸರ್ಕಾರನ 2019ರಾಗ ಅದಕ್ಕ ಪ್ರತ್ಯೇಕ ಪದ್ಧತಿ ಅಂತ ಮಾನ್ಯತೆ ಕೊಟ್ಟದ. ಸುಳ್ಳಿದ್ರ ಕೊಡ್ತಿದ್ರಾ? ಮತ್ತ ಆ ವಾರದ ಗುಳಿಗಿಯಿಂದ ದವಡಿ ಎಲುಬು ಕೊಳೀತದ, ತೊಡಿ ಎಲುಬು ತಾನ ಮುರೀತದ ಅಂತ ಓದೀನಿ. ನನ್ನ ಹೆಂಡ್ತಿಗೂ ಇದ ತ್ರಾಸದ, ಅಕಿಗೆ ಗುಳಿಗಿ ಕೊಡಸ್ಲಿಕ್ಕೆ ನನಗ ಹೆದ್ರಿಕಿ ಅದ. ಸೂಜಿಗೆ ಅಂಥ ಕಾಟ ಇಲ್ಲಲ್ಲ.

ನ್ಯಾಚುರೋಪಥಿ, ಕೊಪ್ಪಳ
ಅಣ್ಣಾರ ಇದಕ್ಕ ನಾನು ಉತ್ತರ ಕೊಡ್ತೀನಿ, ಯಾಕಂದ್ರ ನಾನ ಸೂಜಿ ಹಾಕಾಕಿ. ಬಿಎನ್‌ವೈಎಸ್ ಅನ್ನೋ ಪ್ರಕೃತಿ ಚಿಕಿತ್ಸೆ ಡಿಗ್ರಿ ಓದೀನಿ, ನಾಕೂವರಿ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಅದರಾಗ ಅಕ್ಯುಪಂಕ್ಚರ್ ಒಂದು ವಿಷಯ.

2019ರ ಆದೇಶ ಖರೆ. ಅದು ಪದ್ಧತಿಗೆ ಕೊಟ್ಟ ಮಾನ್ಯತೆ, ಎಲ್ಲಾ ರೋಗಕ್ಕೂ ಕೊಟ್ಟ ಗ್ಯಾರಂಟಿ ಅಲ್ರಿ. ನಮ್ಮ ದೇಶಕ್ಕ ಈ ವಿದ್ಯಾ ಬಂದಿದ್ದೂ ಒಂದು ದೊಡ್ಡ ಕಥಿ. 1938ರಾಗ ಚೀನಾಕ್ಕ ಹೋದ ಐದು ಮಂದಿ ಭಾರತದ ಡಾಕ್ಟರ್‌ಗಳ ಪೈಕಿ ನಮ್ಮ ನೆರಿ ಸೊಲ್ಲಾಪುರದ ಡಾ. ಕೋಟ್ನಿಸ್ ಒಬ್ರು, ಅವ್ರು ಅಲ್ಲೇ ತೀರ್ಕೊಂಡ್ರು. ಅದ ತಂಡದ ಡಾ. ಬಸು ಮುಂದ ಸೂಜಿ ವಿದ್ಯಾ ಕಲ್ತು 1959ರ ಹೊತ್ತಿಗೆ ಕೊಲ್ಕತ್ತಾಕ್ಕ ತಂದ್ರು. ಅಂಥವ್ರು ತಂದ ವಿದ್ಯಾದ ಹೆಸರ್ಲೆ ಕಲ್ಯಾಣ ಮಂಟಪದಾಗ ಕುಂತು ಗುಳಿಗಿ ಬಿಡ್ರಿ ಅನ್ನೋದು ನನಗ ಹೊಟ್ಟ್ಯಾಗ ಬೆಂಕಿ ಹಾಕ್ದಂಗ ಆಗ್ತೈತಿ.

ಚೀನಾದ ಹಳೇ ಶಾಸ್ತ್ರದಾಗ ಮೂತ್ರಪಿಂಡದ ಶಕ್ತಿ ಎಲುಬನ್ನ ಕಾಯ್ತೈತಿ ಅಂತಾರ. ಅದಕ್ಕ ಟೊಂಕದ ಎರಡನೇ ಮಣಿ ಎರಡೂ ಮಗ್ಗಲಿಗೆ ಇರೋ ಶೆನ್‌ಶು ಅನ್ನೋ ಬಿಂದು, ಮೊಣಕಾಲಿನ ಕೆಳಗ ಝುಸಾನ್ಲಿ, ಪಾದದ ಒಳಗಿನ ಗಿಣ್ಣಿನ ಮ್ಯಾಲೆ ನಾಕು ಬೆರಳು ಬಿಟ್ಟು ಸಾನ್‌ಯಿಂಜಾವ್, ಇಂಥ ಕಡೆ ಸೂಜಿ ಹಾಕ್ತೀವಿ. ಕೆಲವ್ರು ಮಾಚಿಪತ್ರಿ ಜಾತಿ ಗಿಡದ ಒಣಗಿದ ಎಲಿ ಸುಟ್ಟು ಕಾವೂ ಕೊಡ್ತಾರ. ನೋವಿಗೆ ಇದು ಉಪಯೋಗ ಐತಿ, ನಾ ದಿನಾ ನೋಡ್ತೀನಿ. 2023ರ ಡಿಸೆಂಬರ್‌ನಾಗ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಟೊಂಕ ನೋವಿನ ಮಾರ್ಗಸೂಚಿಯೊಳಗೂ ಸೂಜಿ ಚಿಕಿತ್ಸೆ ಕೊಡಬಹುದು ಅಂತೈತಿ. ಆದ್ರ ಅದು ಬ್ಯಾರೆ ಕಾರಣ ಇಲ್ದ ಹಳೇ ಟೊಂಕ ನೋವಿಗೆ. ಮುರದ ಮಣಿಗೆ ಅಲ್ಲ, ಸವದ ಎಲುಬಿಗೆ ಅಲ್ಲ.

ನನ್ನ ಕಡೆ 50 ದಾಟಿದ ಹೆಣ್ಮಕ್ಕಳು ಹೊಸದಾಗಿ ಬಂದ ಬೆನ್ನು ನೋವು ಅಂತ ಬಂದ್ರ ಎಕ್ಸ್‌ರೇ ನೋಡ್ದ ನಾ ಸೂಜಿ ಮುಟ್ಟಂಗಿಲ್ಲ. ಡಾಕ್ಟರ್ ಕೊಟ್ಟ ಎಲುಬಿನ ಔಷಧಿ ಬಿಡಸಂಗೂ ಇಲ್ಲ. ಮತ್ತ ಸೂಜಿಗೆ ಕಾಟ ಇಲ್ಲ ಅನ್ನಬ್ಯಾಡ್ರಿ, ಎದಿ ಬೆನ್ನಿನ ಮ್ಯಾಲೆ ಆಳಕ್ಕ ಹಾಕಿದ್ರ ಪುಪ್ಪಸಕ್ಕ ತೂತು ಬೀಳೋದು ಅಪರೂಪಕ್ಕಾದ್ರೂ ಐತಿ, ಒಬ್ರಿಗೆ ಹಾಕಿದ್ದು ಇನ್ನೊಬ್ರಿಗೆ ಹಾಕಿದ್ರ ಕಾಮಾಲಿ ಸೋಂಕು ಬರಬಹುದು. ಸಿಂಧನೂರು ಅಕ್ಕಾರ, ನಿಮ್ಮ ಕಣ್ಣ ಮುಂದ ಹೊಸ ಪ್ಯಾಕೆಟ್ ಹರದು ಸೂಜಿ ತಗದ್ರಾ?

ಸಿಂಧನೂರು ಮಗಳು
ನಾ ಕೂಡ ಹೋಗಿಲ್ರಿ ಮೇಡಂ. ಅವ್ವನ ಕೇಳ್ದೆ, ಒಂದು ಸ್ಟೀಲಿನ ಡಬ್ಬ್ಯಾಗಿಂದ ತಗೀತಿದ್ರು ಅಂದ್ಲು. ಕೇಳಿದ ಮ್ಯಾಲೆ ಕೈಕಾಲ ತಣ್ಣಗಾದ್ವು.

ಎಲುಬು ಡಾಕ್ಟರ್, ಬಳ್ಳಾರಿ
ಗಾಬರಿ ಆಗಬ್ಯಾಡ್ರಿ, ಕಾಮಾಲೆ ತರೋ ಹೆಪಟೈಟಿಸ್ ಬಿ, ಸಿ ಮತ್ತೆ ಎಚ್‌ಐವಿ ರಕ್ತ ಪರೀಕ್ಷೆ ಮಾಡಿಸ್ರಿ. ಈಗೊಮ್ಮೆ ಮತ್ತೆ ಕೆಲವು ತಿಂಗಳು ಬಿಟ್ಟು ಇನ್ನೊಮ್ಮೆ. ಜಿಲ್ಲಾ ಆಸ್ಪತ್ರೆನಾಗೆ ಆಗ್ತದೆ.

ಮಾನ್ವಿ ಅಣ್ಣಂಗೆ. ನೀವು ಓದಿದ್ದು ಸುಳ್ಳಲ್ಲ, ಅಳತೆ ಮಾತ್ರ ತಪ್ಪಿ ಓದೀರಿ. ಎಲುಬು ಸವೆತಕ್ಕೆ ಕೊಡೋ ಪ್ರಮಾಣದಾಗೆ ದವಡೆ ತೊಂದರೆ ವರ್ಷಕ್ಕೆ ಹತ್ತು ಸಾವಿರ ಜನರಾಗೆ ಒಬ್ಬರಿಗೆ ಇಲ್ಲಾ ಅದಕ್ಕೂ ಕಡಿಮೆ. ಹೆಚ್ಚಾಗಿ ಅದು ಕಾಣೋದು ಕ್ಯಾನ್ಸರ್‌ನೋರಿಗೆ ಕೊಡೋ ದೊಡ್ಡ ಡೋಸಿನಾಗೆ. ಹಲ್ಲು ಕೀಳಿಸೋದಿದ್ರೆ ಔಷಧಿ ಶುರುವಿಗೆ ಮುಂಚೆ ಮುಗಿಸ್ಕೊಳ್ರಿ. ತೊಡೆ ಎಲುಬು ಮುರಿಯೋದು ಬಹಳ ವರ್ಷ ಬಿಡದೆ ತಗೊಂಡಾಗ ಅಪರೂಪಕ್ಕೆ ಬರ್ತದೆ, ಅದಕ್ಕೇ ಐದು ವರ್ಷದ ಹೊತ್ತಿಗೆ ಕುಂತು ಮತ್ತೆ ಲೆಕ್ಕ ಹಾಕ್ತೀವಿ, ಬೇಕಾದ್ರೆ ಸ್ವಲ್ಪ ಕಾಲ ನಿಲ್ಲಿಸ್ತೀವಿ. ಆ ಕಡೆ ಚಪ್ಪೆ ಮುರಿದೋರಾಗೆ ಒಂದು ವರ್ಷದೊಳಗೆ ಐದರಾಗೆ ಒಬ್ಬರು ಹತ್ರಹತ್ರ ತೀರ್ಕೊಂತಾರೆ. ನಿಮ್ಮ ಹೆಂಡ್ತಿಗೆ ಯಾವ ಕಡೆ ಹೆದರಬೇಕು ಅಂತ ಈಗ ನೋಡ್ರಿ.

ಹಿಮ್ಮಡಿ ಮಷಿನ್ ಬಗ್ಗೆ ಒಂದು ಮಾತು. ಅದು ಯಾರಿಗೆ ಪೂರ್ತಿ ಪರೀಕ್ಷೆ ಬೇಕು ಅಂತ ಸೋಸೋಕೆ ಸರಿ. ಅದರಿಂದ ರೋಗ ಐತೆ ಅಂತ ತೀರ್ಮಾನ ಮಾಡಾಕೂ ಬರಾದಿಲ್ಲ, 21 ಸಿಟ್ಟಿಂಗ್‌ಗೆ ಸುಧಾರಿಸ್ತು ಅಂತ ತೋರ್ಸಾಕೂ ಬರಾದಿಲ್ಲ. ಡೆಕ್ಸಾನಾಗೇ ನಿಜವಾದ ಬದಲಾವಣೆ ಕಾಣಾಕೆ ಒಂದೆರಡು ವರ್ಷ ಬೇಕು.

ಮಾನ್ವಿ ಹತ್ತಿ ರೈತ
ತಿಳೀತ್ರಿ ಸಾಹೇಬ್ರ. ಅಕಿದೂ ಡೆಕ್ಸಾ ಮಾಡಸ್ತೀನಿ. ಯಾರೂ ಹಿಂಗ ಕುಂದ್ರಿಸಿ ಹೇಳಿದ್ದಿಲ್ಲ.

ಆಶಾ, ಕುಷ್ಟಗಿ
ನಾ ಇದನ್ನ ಓದಿ ಸುಮ್ನಿರಾಕ ಆಗವಲ್ದು, ಕೆಲಸ ಬಿಟ್ಟು ಬರಿಯಾಕತ್ತೀನಿ. ನಮ್ಮ ಕಡೆ ಹಳ್ಳ್ಯಾಗ 61 ಅಲ್ರಿ, 45ಕ್ಕ ಟೊಂಕ ಬಗ್ಗಿದ ಹೆಣ್ಮಕ್ಕಳ ಅದಾರ. ಒಂದು ಕಾರಣ ಗರ್ಭಚೀಲ. ಬಿಳಿ ಹೋಗ್ತೈತಿ, ಹೊಟ್ಟಿ ನೋಯ್ತೈತಿ ಅಂತ 35ಕ್ಕ 38ಕ್ಕ ತಗಿಸ್ಕೊಂಡವ್ರು ಒಂದೊಂದು ಓಣ್ಯಾಗ ಎಷ್ಟು ಮಂದಿ. ಅದರ ಕೂಡ ಅಂಡಾಶಯನೂ ತಗದಿದ್ರ ಅವತ್ತಿಂದ ಹಾರ್ಮೋನು ಬಂದ್, ಹತ್ತು ಹದಿನೈದು ವರ್ಷ ಮೊದ್ಲ ಎಲುಬು ಸವಿಯಾಕ ಶುರು ಆಗ್ತಾವ. ಅವ್ರಿಗೆ ಇದನ್ನ ಯಾರೂ ಹೇಳಿರಂಗಿಲ್ಲ. ನಿಮ್ಮ ಮನ್ಯಾಗ ಅಂಥವ್ರಿದ್ರ ವಯಸ್ಸು ನೋಡಬ್ಯಾಡ್ರಿ, ಡಾಕ್ಟರ್‌ಗೆ ಈ ವಿಷಯ ಹೇಳಿ ಪರೀಕ್ಷಾ ಮಾಡಿಸ್ರಿ.

ಎರಡನೇದು ಸಂತ್ಯಾಗ ಮಾರೋ ಹೆಸರಿಲ್ದ ನೋವಿನ ಪುಡಿ. ತಗೊಂಡ ಎರಡ ದಿನಕ್ಕ ಕುಣದಾಡ್ತಾರ, ಮಾರಿ ಊದ್ತೈತಿ, ಹಸಿವು ಹೆಚ್ಚಾಗ್ತೈತಿ. ಅಂಥವ್ರಾಗ ಸ್ಟೆರಾಯ್ಡ್ ಕಲಸಿರ್ತಾರ, ಅದನ್ನ ಮೂರು ತಿಂಗಳ ಮ್ಯಾಲೆ ತಿಂದ್ರ ಎಲುಬು ಇನ್ನೂ ಲಗೂ ಟೊಳ್ಳಾಗ್ತಾವ. ಗುಳಿಗಿ ಬ್ಯಾಡ ಅಂದವ್ರು ಈ ಪುಡಿ ಕಡೆ ಹೊಳ್ಳಬಾರ್ದು ಅಂತ ಹೇಳಾಕತ್ತೀನಿ.

ಮೂರನೇದು ನಮ್ಮ ನೀರು. ಕುಷ್ಟಗಿ, ಯಲಬುರ್ಗಾ, ಲಿಂಗಸೂರು ಕಡೆ ಬೋರಿನ ನೀರಾಗ ಫ್ಲೋರೈಡ್ ಐತಿ, ಲೀಟರಿಗೆ ಒಂದೂವರಿ ಮಿಲಿಗ್ರಾಂ ದಾಟಬಾರ್ದು, ಎಷ್ಟೋ ಕಡೆ ದಾಟೈತಿ. ಹಲ್ಲು ಕಂದು ಆದವ್ರನ್ನ ನೋಡೀರಲ್ಲ. ಅವ್ರ ಎಲುಬಿನ ಕಥಿ ಡಾಕ್ಟರ್ ಸರ್ ಹೇಳ್ರಿ.

ಎಲುಬು ಡಾಕ್ಟರ್, ಬಳ್ಳಾರಿ
ಈ ಮಾತು ಎತ್ತಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಫ್ಲೋರೈಡ್ ಎಲುಬಿನಾಗೆ ಕುಂತಾಗ ಎಲುಬು ದಪ್ಪ ಆಗ್ತದೆ, ಆದ್ರೆ ಪೆಡಸು, ಲಗೂನೆ ಮುರೀತದೆ. ಡೆಕ್ಸಾನಾಗೆ ಅಂಕಿ ಚೆನ್ನಾಗೇ ಬರ್ತದೆ, ನಂಬಿಕೊಂಡು ಮನೆಗೆ ಹೋದ್ರೆ ಮೋಸ. ಬೆನ್ನಾಗೆ ಸಂಧಿವಾತದ ಮುಳ್ಳು ಬೆಳೆದಿದ್ರೂ ಹಂಗೇ. ಹಂಗಾಗಿ ನಮ್ಮ ಮೂರು ಜಿಲ್ಲೆನಾಗೆ ಬೋರ್ ನೀರು ಕುಡಿದು ಬೆಳೆದೋರ ರಿಪೋರ್ಟ್ ನೋಡುವಾಗ ಎಕ್ಸ್‌ರೇನೂ ಜೊತೆಗೆ ನೋಡಬೇಕು, ಹಲ್ಲೂ ನೋಡಬೇಕು. ಗಂಗಾವತಿ ಅಕ್ಕ, ನೀವು ಕೇಳಿದ್ದಕ್ಕೆ ಉತ್ತರ ಕೊಡೋದು ಮರ್ತೆ. ಮುಟ್ಟು ಬೇಗ ನಿಂತಿದ್ರೆ, ತಾಯಿಗೆ ಚಪ್ಪೆ ಮುರಿದಿದ್ರೆ, ತಂಬಾಕು ಹಾಕೋ ಚಟ ಇದ್ರೆ, ತೀರಾ ತೆಳ್ಳಗಿದ್ರೆ ಸಾಮಾನ್ಯವಾಗಿ ಎಲ್ಲರಿಗೂ ಪರೀಕ್ಷೆ ಹೇಳೋ 65ರ ವಯಸ್ಸಿನ ತನಕ ಕಾಯಬ್ಯಾಡ್ರಿ. 47ಕ್ಕೆ ನಿಂತೈತೆ ಅಂತ ಲೆಕ್ಕ ಬಂತು ನಿಮ್ದು, ಅದು ಬೇಗ ಅನ್ನೋ ಲೆಕ್ಕಕ್ಕೆ ಬರಾದಿಲ್ಲ, ಆದ್ರೂ ಅನುಮಾನ ಬ್ಯಾಡ. ಒಮ್ಮೆ ಮಾಡಿಸ್ರಿ.

ಫಿಸಿಯೋ, ರಾಯಚೂರು
ನಂದೂ ಒಂದು ಮಾತು. ಬೆನ್ನು ನೋವು ಅಂದ್ಕೂಡ್ಲೆ ಮಂದಿ ಟಿವಿ ನೋಡಿ ಬಗ್ಗಿ ಪಾದ ಮುಟ್ಟೋ ಆಸನ ಮಾಡ್ತಾರ. ಎಲುಬು ಸವದವ್ರು ಪಾದಹಸ್ತಾಸನ, ಪಶ್ಚಿಮೋತ್ತಾನಾಸನ ಮಾಡಲೇಬಾರ್ದು. 1984ರಾಗ ಅಮೆರಿಕದ ಮೇಯೋ ಕ್ಲಿನಿಕ್‌ನವ್ರು ಮುಟ್ಟು ನಿಂತ 59 ಹೆಂಗಸರನ್ನ ನೋಡಿದ್ರು, ಮುಂದ ಬಗ್ಗೋ ವ್ಯಾಯಾಮ ಅಷ್ಟ ಮಾಡಿದವ್ರಾಗ ನೂರಕ್ಕ 89 ಮಂದಿಗೆ ಬೆನ್ನಾಗ ಹೊಸ ಕುಸಿತ, ಬೆನ್ನು ಹಿಂದಕ್ಕ ನೆಟ್ಟಗ ಮಾಡೋ ವ್ಯಾಯಾಮ ಮಾಡಿದವ್ರಾಗ 16. ಸಣ್ಣ ಅಧ್ಯಯನ, ಆದ್ರೂ ಅವತ್ತಿಂದ ನಾವ್ಯಾರೂ ಬಗ್ಗಿಸಂಗಿಲ್ಲ.

ಏನ್ ಮಾಡಬಹುದು ಅಂದ್ರ, ಗ್ವಾಡಿಗೆ ಬೆನ್ನು ಹಿಮ್ಮಡಿ ಹಚ್ಚಿ ನಿಂತು ಗದ್ದ ಒಳಗ ಎಳ್ಕೊಂಡು ಹತ್ತು ಎಣಿಸೋದು. ಕುರ್ಚಿ ಮ್ಯಾಲಿಂದ ಕೈ ಊರದ ಏಳೋದು ಕುಂದ್ರೋದು, ಎಂಟು ಹತ್ತು ಸಲ. ಕಟ್ಟಿ ಹಿಡ್ಕೊಂಡು ಹಿಮ್ಮಡಿ ಎತ್ತೋದು. ದಿನಾ ಅರ್ಧ ತಾಸು ನಡಿಗಿ. ಮತ್ತ ಮನ್ಯಾಗಿನ ಗಿಡ್ಡ ಕಸಬರಿಗಿ ಬಿಸಾಕಿ ಉದ್ದನ ಹಿಡಿಕಿದು ತರ್ರಿ, ಅವ್ವ ದಿನಾ ಎರಡು ಹೊತ್ತು ಬಗ್ಗಿ ಕಸ ಹೊಡೀತಾರಲ್ಲ ಅದೂ ಬಗ್ಗೋದ. ತುಂಬಿದ ಕೊಡ ನೆಲದಿಂದ ಎತ್ತೋದು ಬಂದ್. ಶಾಬಾದ ಕಲ್ಲು ಒದ್ದಿ ಆದ್ರ ಬೆಣ್ಣಿ, ಬಚ್ಚಲಕ್ಕ ಒರಟು ರಬ್ಬರ್ ಮ್ಯಾಟ್ ಹಾಕಿ ಗ್ವಾಡಿಗೆ ಒಂದು ಹಿಡಿಕಿ ಬಡಿಸ್ರಿ. ಮತ್ತ ಒಂದು ಕೇಳ್ತೀನಿ, ಅವ್ವ ಆ ಗುಳಿಗಿನ ಹ್ಯಾಂಗ ನುಂಗ್ತಾರ? ಎದಿ ಉರಿ ಅಂದ್ರಲ್ಲ ಅದಕ್ಕ ಕೇಳ್ದೆ.

ಸಿಂಧನೂರು ಮಗಳು
ಅಯ್ಯೋ ನೀವು ಕೇಳಿದ್ದು ಚಲೋ ಆತ್ರಿ. ಮುಂಜಾನೆ ರೊಟ್ಟಿ ತಿಂದು, ಚಾದಾಗ ನುಂಗಿ, ಆಮ್ಯಾಲೆ ಟೊಂಕ ನೋಯ್ತದಂತ ಅಡ್ಡಾಗ್ತಾಳ. ನಮ್ಮ ಮನ್ಯಾಗ ಎಲ್ಲಾ ಗುಳಿಗಿ ಊಟ ಮಾಡೇ ನುಂಗೋದು.

ಮತ್ತ ಎತ್ತರದ್ದು. ಅಡಗಿ ಮನ್ಯಾಗ ಒಲಿ ಮ್ಯಾಲಿನ ನಾಗೊಂದಿಗಿ ಮ್ಯಾಲೆ ಉಪ್ಪಿನಕಾಯಿ ಭರಣಿ ಇರ್ತದ. ಹೋದ ವರ್ಷ ತನಕ ಅವ್ವನ ಕೈ ಎತ್ತಿ ಇಳಸ್ತಿದ್ಲು. ಈಗ ಒಂದು ವರ್ಷದಿಂದ ಕುಂದ್ರೋ ಮಣಿ ಹಾಕ್ಕೊಂಡು ಹತ್ತಿ ತಗೀತಾಳ. ನಾ ಅದನ್ನ ದಿನಾ ನೋಡ್ತಿದ್ದೆ ಆದ್ರ ಎತ್ತರ ಕಡಿಮಿ ಆಗ್ಯಾದ ಅಂತ ಹೊಳೀಲೇ ಇಲ್ರಿ.

ಎಲುಬು ಡಾಕ್ಟರ್, ಬಳ್ಳಾರಿ
ಆ ಮಣೆ ಹತ್ತೋದು ಇವತ್ತೇ ನಿಲ್ಲಿಸ್ರಿ, ಭರಣಿ ಕೆಳಗಿಡ್ರಿ. ನಾಳೆನೇ ಬೆನ್ನಿನ ಎಕ್ಸ್‌ರೇ, ಮಗ್ಗಲಿನಿಂದ ತೆಗೆದಿದ್ದು ಬೇಕು.

ಗುಳಿಗಿ ವಿಷಯ. ವಾರಕ್ಕೆ ಒಂದೇ ದಿನ, ಪ್ರತಿ ವಾರ ಅದೇ ದಿನ. ಎದ್ದ ಕೂಡ್ಲೆ ಖಾಲಿ ಹೊಟ್ಟೆನಾಗೆ, ಒಂದು ತುಂಬಿದ ಲೋಟ ಬರೀ ನೀರಿನ ಜೊತೆ, ಚಾ ಅಲ್ಲ ಹಾಲಲ್ಲ. ಅಗಿಬಾರದು. ಆಮ್ಯಾಲೆ ಅರ್ಧ ತಾಸು ಏನೂ ತಿನ್ನಬಾರದು, ಮಲಗಬಾರದು, ಕುಂತಿರಬೇಕು ಇಲ್ಲಾ ಅಡ್ಡಾಡಬೇಕು. ಮಲಗಿದ್ರೆ ಅದು ಅನ್ನನಾಳಕ್ಕೆ ಅಂಟಿ ಸುಡ್ತದೆ. ಅನ್ನ ರೊಟ್ಟಿ ಜೊತೆ ತಗೊಂಡ್ರೆ ಮೈಗೆ ಹತ್ತಾದೇ ಇಲ್ಲ. ಅಂದ್ರೆ ಇಷ್ಟು ದಿನ ತಾಯಿಗೆ ಉರಿ ಸಿಕ್ತು, ಔಷಧಿ ಸಿಗಲಿಲ್ಲ. ಕ್ಯಾಲ್ಸಿಯಂ ಗುಳಿಗಿ ಅದರ ಜೊತೆ ಬ್ಯಾಡ, ಊಟದ ಹೊತ್ತಿಗೆ ಕೊಡ್ರಿ. ಇಷ್ಟು ಮಾಡಿದ್ರೂ ಉರಿ ನಿಲ್ಲದಿದ್ರೆ ವರ್ಷಕ್ಕೊಮ್ಮೆ ಸಲೈನ್ ಮೂಲಕ ಕೊಡೋ ಜೋಲೆಡ್ರೊನಿಕ್ ಆ್ಯಸಿಡ್ ಐತೆ, ಮೂತ್ರಪಿಂಡ ಮತ್ತೆ ರಕ್ತದ ಕ್ಯಾಲ್ಸಿಯಂ ನೋಡಿ ಕೊಡ್ತೀವಿ. ಮೊದಲ್ನೇ ಸಲ ಒಂದೆರಡು ದಿನ ಜ್ವರ ಮೈಕೈ ನೋವು ಬರಬಹುದು. 2007ರಾಗೆ ಬಂದ ಅದರ ಟ್ರಯಲ್‌ನಾಗೆ ಚಪ್ಪೆ ಮುರಿತ ನೂರಕ್ಕೆ 41 ಪಾಲು ಕಡಿಮೆ ಆಯ್ತು.

ಸಿರುಗುಪ್ಪ ದಂಡೆ
ಆರು ತಿಂಗಳಿಗೊಂದು ಹೊಟ್ಟಿ ಚರ್ಮಕ್ಕೆ ಹಾಕೋ ಇಂಜೆಕ್ಷನ್ ಡೆನೊಸುಮ್ಯಾಬ್ ಅಂತ ಐತೆ, ನಮ್ಮ ಅತ್ತೆಗೆ ಹಾಕ್ತಿದ್ರು. ಎರಡು ವರ್ಷ ಹಾಕಿಸಿ ಮದುವೆ ಗದ್ದಲದಾಗೆ ಒಂದು ಡೋಸ್ ಬಿಟ್ವಿ. ಒಂದೇ ವರ್ಷದಾಗೆ ಬೆನ್ನಿನ ಎರಡು ಮಣಿ ಕುಸಿದ್ವು. ಅದನ್ನ ನಿಲ್ಸೋದಾದ್ರೆ ಬೇರೆ ಔಷಧಿ ಶುರು ಮಾಡೇ ನಿಲ್ಲಿಸ್ಬೇಕಂತೆ, ನಮಗೆ ಆಮೇಲೆ ತಿಳೀತು. ಯಾರಿಗಾದ್ರೂ ಹಾಕ್ತಿದ್ರೆ ತಾರೀಖು ಗ್ವಾಡೆ ಮ್ಯಾಲೆ ಬರೆದಿಡ್ರಿ.

ಗಂಗಾವತಿ ಅಕ್ಕ
ಊಟದ ಬಗ್ಗೆ ಯಾರೂ ಹೇಳ್ಲಿಲ್ಲಲ್ಲ. ನಮ್ಮ ಕಡೆ ಮೂರು ಹೊತ್ತೂ ಸೋನಾಮಸೂರಿ ಅನ್ನ, ಅದರಾಗ ಏನೈತಿ?

ನ್ಯಾಚುರೋಪಥಿ, ಕೊಪ್ಪಳ
ಅಕ್ಕಾ ಮುಟ್ಟು ನಿಂತವ್ರಿಗೆ ದಿನಕ್ಕ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಾಗ ಹೇಳೈತಿ. ಅಕ್ಕ್ಯಾಗೂ ಜ್ವಾಳದಾಗೂ ಅದು ಭಾಳ ಕಡಿಮಿ, ನಮ್ಮ ಜ್ವಾಳದ ರೊಟ್ಟಿ ಮ್ಯಾಲೆ ನನಗೆಷ್ಟು ಪ್ರೀತಿ ಇದ್ರೂ ಈ ಮಾತು ಹೇಳಬೇಕು. ರಾಗಿ ನೂರು ಗ್ರಾಂಗೆ 350ರ ಆಸುಪಾಸು. ಎಳ್ಳು ನೂರು ಗ್ರಾಂಗೆ ಸಾವಿರದ ಮ್ಯಾಲೆ, ಸಂಕ್ರಾಂತಿಗೆ ಮಾಡೋ ಸಜ್ಜಿ ರೊಟ್ಟಿ ಮ್ಯಾಲೆ ಎಳ್ಳು ಹಚ್ತೀವಲ್ಲ, ಅದನ್ನ ವರ್ಷಪೂರ್ತಿ ಹಚ್ರಿ. ನುಗ್ಗಿ ಸೊಪ್ಪಿನ ಪಲ್ಯ, ಎರಡು ಲೋಟ ಹಾಲು, ಒಂದು ಬಟ್ಟಲ ಮೊಸರು. ಬ್ಯಾಳಿ ಕಾಳು ಬಿಡಬ್ಯಾಡ್ರಿ, ಎಲುಬಿಗೆ ಪ್ರೋಟೀನೂ ಬೇಕು. ಬಿಸಲು ಇಷ್ಟಿದ್ರೂ ನಮ್ಮ ಹೆಣ್ಮಕ್ಕಳಾಗ ವಿಟಮಿನ್ ಡಿ ಕಡಿಮಿ. ಮುಂಜಾನೆ ಏಳರ ಎಳಬಿಸಲಿನಾಗ ಅದು ಹುಟ್ಟೋದು ಭಾಳ ಕಡಿಮಿ, ಚಳಿಗಾಲದಾಗ ಹನ್ನೊಂದರ ಮ್ಯಾಲೆ ಕೈ ಕಾಲಿಗೆ ಬಿಸಲು ಬೀಳಂಗ ಕುಂದ್ರಬೇಕು. ಬ್ಯಾಸಿಗ್ಯಾಗ ರಾಯಚೂರು ಬಿಸಲಿಗೆ ಹಂಗ ಕುಂದ್ರಾಕ ಆಗಂಗಿಲ್ಲ, ಅದಕ್ಕ ಡಾಕ್ಟರ್ ಹೇಳಿದ ಪುಡಿ ತಗೋಬೇಕು. ವಾರದ ಪುಡಿನ ದಿನಾ ತಿನ್ನಬ್ಯಾಡ್ರಿ ಮತ್ತ, ಅದು 60,000 ಯೂನಿಟ್‌ದ್ದು.

ಸಿಂಧನೂರು ಮಗಳು
ಐದು ವಾರ ಆತ್ರಿ, ಏನಾತು ಅಂತ ಹೇಳ್ಬೇಕಲ್ಲ.

ಎಕ್ಸ್‌ರೇ ತೆಗಿಸಿದ್ವಿ. ಎದಿ ಭಾಗದ ಕೊನೇ ಮಣಿ, ಹನ್ನೆರಡನೇದು, ಮುಂದಿನ ಕಡೆ ಕುಸದದ. ಡಾಕ್ಟರ್ ಪೆನ್ನಿಲೆ ತೋರಿಸಿದ್ರು, ಬ್ಯಾರೆ ಮಣಿ ಎಲ್ಲಾ ಇಟ್ಟಂಗಿ ಹಂಗ ಚೌಕ ಅದಾವ, ಅದೊಂದು ಮುಂದ ತುಳದ ಡಬ್ಬಿ ಹಂಗ. ಅವ್ವನ ಕರ್ಕೊಂಡು ಹೋಗಿ ಅಕಿಗೇ ತೋರಿಸಿದ್ವಿ. ಭಾಳ ಹೊತ್ತು ನೋಡಿದ್ಲು, "ಇದು ಮುರದಿತ್ತಾ, ನಾ ನೋವು ಹೊಂಟದ ಅಂತ ಹತ್ತಿ ಬಿಡಸ್ಲಿಕ್ಕೆ ಹೋಗಾಕಿದ್ದೆ" ಅಂದ್ಲು. ಆಮ್ಯಾಲೆ ಗುಳಿಗಿ ಬಗ್ಗೆ ನಾ ಒಂದು ಮಾತೂ ಹೇಳಬೇಕಾಗ್ಲಿಲ್ಲ.

ಈಗ ಪ್ರತಿ ಆಯಿತವಾರ ಆರೂವರಿಗೆ ನಾ ಫೋನ್ ಹಚ್ತೀನಿ. ಅಕಿ ಒಂದು ಚರಿಗಿ ನೀರು ಇಟ್ಕೊಂಡು ಕುಂತಿರ್ತಾಳ, ನುಂಗ್ತಾಳ, ಆಮ್ಯಾಲೆ ಅರ್ಧ ತಾಸು ಅಂಗಳದಾಗ ಅಡ್ಡಾಡಿಕೋತ ನನ್ನ ಕೂಡ ಮಾತಾಡ್ತಾಳ. ನಾಕು ಆಯಿತವಾರ ಆತು, ಎದಿ ಉರಿ ಬಂದಿಲ್ಲ. ರಕ್ತ ಪರೀಕ್ಷಾದಾಗ ಸದ್ಯಕ್ಕ ಯಾವ ಸೋಂಕೂ ಇಲ್ಲ ಅಂತ ಬಂದದ, ಮತ್ತ ಮೂರು ತಿಂಗಳಿಗೆ ಮಾಡಸ್ಬೇಕು. ಕ್ಯಾಂಪಿನವ್ರಿಗೆ ಉಳದ ರೊಕ್ಕ ಕಟ್ಟಲಿಲ್ಲ, ಕೊಟ್ಟಿದ್ದು ವಾಪಸ್ ಕೊಡಲಿಲ್ಲ. ಅಣ್ಣ ಬಚ್ಚಲದ ಕಲ್ಲು ಕಿತ್ತಿಸಿ ಒರಟು ಟೈಲ್ಸ್ ಹಾಕಿಸ್ಯಾನ. ಅವ್ವ ಹತ್ತತಿದ್ದ ಮಣಿ ಈಗ ದೇವರ ಮನಿಗೆ ಹೋಗ್ಯಾದ, ಉಪ್ಪಿನಕಾಯಿ ಭರಣಿ ಕಟ್ಟಿ ಮ್ಯಾಲೆ ಇಳದದ.

ಕೊಪ್ಪಳದ ಮೇಡಂ, ಬೆನ್ನಿನ ಮಣಿ ಪೂರ್ತಿ ಕೂಡಿದ ಮ್ಯಾಲೆ ಮೊಣಕಾಲ ನೋವಿಗೆ ಸೂಜಿ ಹಾಕಿಸ್ಬೇಕು ಅಂತ ಅವ್ವಗ ಇನ್ನೂ ಆಸೆ ಅದ. ಹಾಕಿಸ್ಬಹುದ್ರ್ಯಾ?

ನ್ಯಾಚುರೋಪಥಿ, ಕೊಪ್ಪಳ
ಎಲುಬಿನ ಡಾಕ್ಟರ್ ಹೂಂ ಅಂದ್ರ ಕರ್ಕೊಂಡು ಬರ್ರಿ. ಎಕ್ಸ್‌ರೇ ತರ್ರಿ, ರಕ್ತ ತೆಳು ಮಾಡೋ ಗುಳಿಗಿ ಏನರ ಇದ್ರ ಅದರ ಚೀಟಿ ತರ್ರಿ. ಪ್ಯಾಕೆಟ್ ಅವ್ವನ ಕೈಲೇ ಹರಸ್ತೀನಿ. ಆಯಿತವಾರದ ಗುಳಿಗಿ ನಿಲ್ಲಬಾರ್ದು.

ಗಂಗಾವತಿ ಅಕ್ಕ
ನಂದೂ ಡೆಕ್ಸಾ ಆತ್ರಿ. ಬೆನ್ನಿಗೆ ಮೈನಸ್ 1.9. ನಾಳೆ ಬೆನ್ನಿನ ಎಕ್ಸ್‌ರೇಕ್ಕ ಹೊಂಟೀನಿ, ಚಿಕ್ಕಂದಿನಾಗ ಕುಷ್ಟಗಿ ಕಡೆ ಬೋರಿನ ನೀರು ಕುಡದಾಕಿ ಅಂತ ಮೊದ್ಲ ಹೇಳ್ತೀನಿ.